ಆಲ್ಡರ್ಸ್‌ಬಿಯ ಒಂದನೆಯ ಲಿವರ್

ಒಂದು ಮರದ ಕಟ್ಟಡಕ್ಕೆ ಯಾವ ಬಣ್ಣ ಬಳಿಯಬೇಕೆಂದು ತೀರ್ಮಾನಿಸಲು ಹನ್ನೊಂದು ಮಂದಿ ತಿಳಿವಳಿಕೆಯುಳ್ಳವರಿಗೆ ಹದಿನಾಲ್ಕು ತಿಂಗಳು ಬೇಕಾಯಿತೆಂದರೆ ಯಾರೂ ನಂಬುವುದಿಲ್ಲ. ಆ ಹನ್ನೊಂದು ಮಂದಿಯಲ್ಲಿ ನಾನೂ ಒಬ್ಬ. ಹದಿನಾಲ್ಕು ತಿಂಗಳೂ ಪ್ರತಿ ಮಂಗಳವಾರ ಸಂಜೆ ನಮ್ಮ ಚಾಪೆಲ್ಲಿನ ಹಿಂಬದಿಯ ಕೋಣೆಯಲ್ಲಿ, ಮಕ್ಕಳ ಭಾನುವಾರದ ಪಾಠಕ್ಕೆಂದು ಮಾಡಿಸಿದ ಗಿಡ್ಡ ಕುರ್ಚಿಗಳ ಮೇಲೆ, ಮೊಣಕಾಲು ಗದ್ದಕ್ಕೆ ತಾಗುವಂತೆ ಕುಳಿತಿದ್ದೇನೆ. ಬೈಬಲಿನ ಯೋಬನ ತಾಳ್ಮೆಯನ್ನು ದೇವರು ಬಹಳ ವಿಧದಲ್ಲಿ ಪರೀಕ್ಷಿಸಿದ. ಆದರೆ ಅವನನ್ನು ಯಾವ ಸಂರಕ್ಷಣಾ ಸಮಿತಿಗೂ ಸದಸ್ಯನನ್ನಾಗಿ ಮಾಡಲಿಲ್ಲ.

ಕಟ್ಟಡವೆಂದರೆ ಆಲ್ಡರ್ಸ್‌ಬಿಯ ರೈಲ್ವೆ ಸಿಗ್ನಲ್ ಕ್ಯಾಬಿನ್. ಸಾವಿರದ ಎಂಟುನೂರ ಎಂಬತ್ತೊಂದರಲ್ಲಿ ಕಟ್ಟಿದ್ದು. ಕೆಳಗೆ ಇಟ್ಟಿಗೆಯ ಕೋಣೆ, ಮೇಲೆ ಮೂರು ಕಡೆ ಗಾಜಿನ ಕಿಟಕಿಗಳಿರುವ ಮರದ ಕೋಣೆ; ಅದರೊಳಗೆ ಆಳೆತ್ತರದ ಇಪ್ಪತ್ತನಾಲ್ಕು ಕಬ್ಬಿಣದ ಲಿವರುಗಳು ಒಂದೇ ಸಾಲಿನಲ್ಲಿ. ಎರಡು ಮಹಾಯುದ್ಧಗಳಲ್ಲಿ ಸೈನಿಕರ ರೈಲುಗಳನ್ನೂ, ಶಾಂತಿಯ ದಿನಗಳಲ್ಲಿ ಆಲೂಗಡ್ಡೆಯ ರೈಲುಗಳನ್ನೂ ಅದು ದಾಟಿಸಿತು. ಹದಿನಾಲ್ಕು ವರ್ಷಗಳ ಹಿಂದೆ, ಅರುವತ್ತು ಮೈಲಿ ದೂರದ ಯಾವುದೋ ಕೋಣೆಯಲ್ಲಿ ಕುಳಿತವರು ಪರದೆ ನೋಡಿಕೊಂಡು ನಮ್ಮೂರಿನ ಗೇಟು ಹಾಕತೊಡಗಿದರು, ಕ್ಯಾಬಿನ್ ಮುಚ್ಚಿತು. ಅದನ್ನು ಒಡೆಯಲು ಬಂದಾಗ ಊರಿನವರು ಸೇರಿ ಉಳಿಸಿಕೊಂಡು, ಲಾರಿಯ ಮೇಲೆ ಏರಿಸಿ, ಇನ್ನೂರು ಗಜ ಆಚೆಯ ಹಳೆಯ ದನದ ಸಂತೆಯ ಅಂಗಳಕ್ಕೆ ತಂದು ಇಟ್ಟೆವು. ಹಳೆಯ ಗೇಟುಗಳು ಲಡ್ಡಾಗಿದ್ದವು. ಅವನ್ನು ಅಲ್ಲಿಯೇ ಬಿಟ್ಟೆವು.

ನನ್ನ ಹೆಸರು ವಿಲ್ಫ್ ಓಡ್ಲಿಂಗ್. ವಯಸ್ಸು ಎಂಬತ್ತು. ನಾನು ನಲವತ್ತು ವರ್ಷ ರೈಲ್ವೆಯಲ್ಲಿ ಒಳಬೀಗದ ಫಿಟ್ಟರ್ ಆಗಿದ್ದೆ. ಒಳಬೀಗವೆಂದರೆ ಲಿವರುಗಳ ಕೆಳಗೆ, ಇಟ್ಟಿಗೆಯ ಕೋಣೆಯಲ್ಲಿ ಇರುವ ಉಕ್ಕಿನ ಪಟ್ಟಿಗಳ ಕಟ್ಟು. ಒಂದು ಲಿವರ್ ಎಳೆದರೆ ಅದಕ್ಕೆ ವಿರುದ್ಧವಾದ ಇನ್ನೊಂದು ಬಾರದಂತೆ ಅದು ಹಿಡಿದುಕೊಳ್ಳುತ್ತದೆ. ಎರಡು ರೈಲುಗಳಿಗೆ ಒಂದೇ ಹಳಿಯನ್ನು ಕೊಡಬೇಕೆಂದು ಮನುಷ್ಯ ಎಷ್ಟೇ ಹಟ ಹಿಡಿದರೂ ಅದು ಒಪ್ಪುವುದಿಲ್ಲ.

ನನ್ನ ಹೆಂಡತಿ ಏವಿಸ್ ಆ ಕ್ಯಾಬಿನ್ನಿನಲ್ಲಿ ಮೂವತ್ತು ವರ್ಷ ಸಿಗ್ನಲ್ ಕೆಲಸ ಮಾಡಿದಳು. ನಾನು ಮೊದಲ ಸಲ ಅಲ್ಲಿಗೆ ರಿಪೇರಿಗೆ ಹೋದಾಗ, ಮೆಟ್ಟಿಲಿನ ಮೇಲೆಯೇ ನಿಲ್ಲಿಸಿ, "ಬೂಟು ಬಿಚ್ಚಿ ಒಳಗೆ ಬನ್ನಿ, ಇಲ್ಲಾಂದ್ರೆ ಕೆಳಗಿನ ಕೋಣೇಲೇ ಇರಿ" ಎಂದಳು. ಅವಳ ನೆಲ ಚಾಪೆಲ್ಲಿನ ಬೆಂಚಿಗಿಂತ ಹೊಳೆಯುತ್ತಿತ್ತು. ನಾನು ಬೂಟು ಬಿಚ್ಚಿದೆ. ಎರಡು ವರ್ಷದ ಮೇಲೆ ಮದುವೆಯಾಯಿತು. ಈ ವರ್ಷ ಫೆಬ್ರವರಿಯಲ್ಲಿ ದೇವರು ಅವಳನ್ನು ಕರೆದುಕೊಂಡ. ಅದರ ಬಗೆಗೆ ಇದಕ್ಕಿಂತ ಹೆಚ್ಚಾಗಿ ನಾನು ಇಲ್ಲಿ ಹೇಳುವುದಿಲ್ಲ.

ಈಗ ಸಮಿತಿಯ ವಿಷಯ. ಅಧ್ಯಕ್ಷರು ಕೀತ್ ಗ್ರಮಿಟ್; ಭೂಗೋಳದ ಮೇಷ್ಟ್ರಾಗಿದ್ದವರು. ನಿವೃತ್ತರಾದ ಮೇಲೆ ಅವರಿಗೆ ಹೊಡೆಯಲು ಮಕ್ಕಳಿಲ್ಲದೆ ನಮ್ಮ ಮೇಲೆ ಬೆತ್ತ ಆಡಿಸುತ್ತಾರೆ. ಬಣ್ಣದ ಮಾತು ಬಂದಾಗ ಅವರು ಗೋಡೆಯ ಒಂದು ಮೂಲೆಯನ್ನು ಪೆನ್ಸಿಲ್ ಚಾಕುವಿನಿಂದ ಕೆರೆದು ಕೆರೆದು ಪದರಗಳನ್ನು ಎಣಿಸಿದರು.

"ಒಂಬತ್ತು ಪದರ ಇದೆ," ಎಂದರು. "ಕೆಳಗಿನಿಂದ ಮೂರನೇದು ಹಸಿರು. ಅದೇ ನಿಜವಾದ್ದು."

"ಮೇಲಿನಿಂದ ಎರಡನೇದು ಬಿಳಿ. ಅದೇನು ಸುಳ್ಳೇನ್ರೀ? ಬಳಿಯೋವಾಗ ನಾನೇ ಏಣಿ ಹಿಡಿದಿದ್ದೆ."

"ನೀವು ಏಣಿ ಹಿಡಿದಿದ್ದೆಲ್ಲಾ ಚರಿತ್ರೆ ಆಗಲ್ಲ ಓಡ್ಲಿಂಗ್ ಅವರೇ."

"ಹಂಗಾದ್ರೆ ನಾನು ಸತ್ತ ಮೇಲೆ ಆಗುತ್ತೋ?"

"ಅದನ್ನ ಮುಂದಿನ ಮಂಗಳವಾರದ ಪಟ್ಟಿಗೆ ಹಾಕೋಣ ಬಿಡಿ," ಎಂದಳು ಡೆನಿಸ್.

ಡೆನಿಸ್ ಲೆಗೆಟ್ ಮೂವತ್ತು ವರ್ಷ ಊರಿನ ಬಸ್ಸು ಓಡಿಸಿದವಳು. ಸಮಿತಿಯಲ್ಲಿ ಕೈ ಕೊಳೆ ಮಾಡಿಕೊಳ್ಳಲು ಹಿಂಜರಿಯದವಳು ಅವಳೊಬ್ಬಳೇ. ಅವಳಿಗೆ ರೈಲಿನ ವಿಷಯ ಒಂದೂ ತಿಳಿಯದು. ಅದರಿಂದಲೇ ಅವಳನ್ನು ಸಹಿಸಬಹುದು.

ಕೊನೆಗೆ ಹಸಿರೇ ಗೆದ್ದಿತು. ಅದನ್ನು ನಾನು ಸಹಿಸಿಕೊಂಡೆ. ಸಹಿಸಲಾಗದ್ದು ಮುಂದೆ ಬಂತು. ಹಳೆಯ ಕಟ್ಟಡಗಳನ್ನು ಕಾಯುವ ಸಂಸ್ಥೆಯಿಂದ ಶ್ರೀಮತಿ ಸಟ್ಕ್ಲಿಫ್ ಎಂಬುವರು ಸೆಪ್ಟೆಂಬರಿನ ಎರಡನೆಯ ಶನಿವಾರ ನೋಡಲು ಬರುತ್ತಾರೆಂದು ಕಾಗದ ಬಂತು. ಲಿವರುಗಳು ಸರಿಯಾದ ಕ್ರಮದಲ್ಲಿ ಕೆಲಸ ಮಾಡಿದರೆ ಅವನ್ನು ಇನ್ನು ಯಾರೂ ಮುಟ್ಟಬಾರದೆಂದು ಬರೆದಿಡುತ್ತಾರೆ. ಮಾಡದಿದ್ದರೆ ಕಟ್ಟಡವನ್ನು ಮಾತ್ರ ಬರೆದಿಡುತ್ತಾರೆ. ಒಳಗಿನ ಕಬ್ಬಿಣ ಸಮಿತಿಯ ಇಷ್ಟ. ಸಮಿತಿಯ ಇಷ್ಟ ಏನೆಂಬುದು ಆಗಲೇ ಗೊತ್ತಿತ್ತು. ಏಳು ಕೈ ಮೇಲೆ, ನಾಲ್ಕು ಕೈ ಕೆಳಗೆ: ಒಂಬತ್ತರಿಂದ ಇಪ್ಪತ್ತನಾಲ್ಕರವರೆಗಿನ ಲಿವರುಗಳನ್ನು ಕತ್ತರಿಸಿ ತೆಗೆದು, ಆ ಜಾಗದಲ್ಲಿ ನಾಲ್ಕು ಮೇಜು ಹಾಕಿ, ಬಂದವರಿಗೆ ಚಹಾ ಮತ್ತು ಪ್ಲಮ್ ಬ್ರೆಡ್ ಕೊಡುವುದು.

"ಜನಕ್ಕೆ ಕೂತ್ಕೊಳ್ಳೋಕೆ ಒಂದು ಜಾಗ ಬೇಕು," ಎಂದರು ಗ್ರಮಿಟ್.

"ಚಾಪೆಲ್ಲಿಗೆ ಬರಲಿ. ಅಲ್ಲಿ ಭಾನುವಾರ ಬೇಕಾದಷ್ಟು ಜಾಗ ಖಾಲಿ ಇರುತ್ತೆ," ಎಂದೆ.

ಲಿವರುಗಳಿಲ್ಲದ ಕ್ಯಾಬಿನ್ ಬರಿಯ ಗಾಜಿನ ಕೊಟ್ಟಿಗೆ. ಏವಿಸ್ ಮೂವತ್ತು ವರ್ಷ ಮಾಡಿದ್ದೇನು ಎಂದು ಯಾರಾದರೂ ಕೇಳಿದರೆ ತೋರಿಸಲು ಆ ಸಾಲು ಒಂದೇ ಇತ್ತು. ಅದು ಅಲುಗಾಡಬೇಕಾಗಿತ್ತು. ಅಷ್ಟೇ ನನ್ನ ಬೇಡಿಕೆ.

ಅದು ಅಲುಗಾಡಲಿಲ್ಲ.

ಆಗಸ್ಟ್ ಮೊದಲ ವಾರ ಸಿಗ್ನಲ್ ಕಂಬಕ್ಕೆ ತಂತಿ ಜೋಡಿಸಿ, ಅಂಗಳದಲ್ಲಿ ಎಲ್ಲರೂ ನಿಂತು ನೋಡುತ್ತಿರುವಾಗ ನಾನು ಒಂದನೆಯ ಲಿವರ್ ಹಿಡಿದು ಎಳೆದೆ. ಒಂದನೆಯದು ಗೇಟಿನ ಬೀಗದ ಲಿವರ್, ಕಂದು ಬಣ್ಣದ್ದು. ಅದು ಬಾರದೆ ಸಿಗ್ನಲಿನ ಕೆಂಪು ಲಿವರುಗಳು ಒಂದೂ ಬರುವುದಿಲ್ಲ. ಅದು ಒಂದು ಅಂಗುಲ ಬಂದು ನಿಂತಿತು. ಮತ್ತೆ ಎಳೆದೆ. ಡೆನಿಸ್ ಎಳೆದಳು. ಗ್ರಮಿಟ್ ಕೋಟು ಬಿಚ್ಚಿಟ್ಟು ಎಳೆದು ಬೆನ್ನು ಹಿಡಿದುಕೊಂಡು ಕುಳಿತರು.

ಏನಾಗಿದೆಯೆಂದು ನನಗೆ ಕೂಡಲೇ ತಿಳಿಯಿತು, ಅಥವಾ ತಿಳಿಯಿತೆಂದುಕೊಂಡೆ. ಲಾರಿಯ ಮೇಲೆ ತರುವಾಗ ಬಿಚ್ಚಿದ್ದ ಒಳಬೀಗವನ್ನು ಹಿಂದಿನ ಚಳಿಗಾಲದಲ್ಲಿ ಮತ್ತೆ ಜೋಡಿಸಿದವರು ಗ್ರಮಿಟ್. ಆಗ ಏವಿಸ್ ಹಾಸಿಗೆ ಹಿಡಿದಿದ್ದಳು. ಮಂಗಳವಾರದ ಸಭೆಗಲ್ಲದೆ ನಾನು ಮನೆ ಬಿಟ್ಟು ಹೊರಡುತ್ತಿರಲಿಲ್ಲ. ಭೂಗೋಳದ ಮೇಷ್ಟ್ರು ಫೋಟೋ ನೋಡಿಕೊಂಡು ಜೋಡಿಸಿದ್ದರು.

"ಯಾವ್ದೋ ಒಂದು ತುಂಡನ್ನ ತಿರುಗಾ ಮುರುಗಾ ಹಾಕಿದೀರಿ," ಎಂದೆ.

"ಪ್ರತಿ ತುಂಡಿಗೂ ಚೀಟಿ ಕಟ್ಟಿದ್ದೆ ಓಡ್ಲಿಂಗ್ ಅವರೇ. ನೂರಾ ಹನ್ನೆರಡು ಚೀಟಿ."

"ಚೀಟಿ ಕಟ್ಟೋದಕ್ಕೆ ಅದೇನು ಜಾಮ್ ಬಾಟ್ಲಿ ಏನ್ರೀ?"

ಐದು ವಾರ ನಾನು ಆ ಇಟ್ಟಿಗೆಯ ಕೋಣೆಯಲ್ಲಿ ಕಳೆದೆ. ನೂರಹನ್ನೆರಡು ತುಂಡುಗಳನ್ನು ಎರಡು ಸಲ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಮತ್ತೆ ಜೋಡಿಸಿದೆವು. ನಾನು ಡಬ್ಬದ ಮೇಲೆ ಕುಳಿತು ಹೇಳುವುದು, ಡೆನಿಸ್ ಮಲಗಿ ತೆವಳಿ ಮಾಡುವುದು.

"ಎಡಗಡೆ ತುಂಡು. ಎಡಗಡೆ! ನಿನ್ನ ಎಡಗಡೆ ಅಲ್ಲ, ಲಿವರಿನ ಎಡಗಡೆ!"

"ಲಿವರಿಗೆ ಎಡ ಬಲ ಇರೋದು ನನಗೇನ್ರೀ ಗೊತ್ತು? ಬಸ್ಸಿಗಾದ್ರೆ ಕನ್ನಡಿ ಇರುತ್ತೆ."

"ಮೂವತ್ತು ವರ್ಷ ಬಸ್ಸು ಹೆಂಗೆ ಓಡಿಸಿದ್ಯೋ, ದೇವರೇ ಬಲ್ಲ."

"ನಿಮ್ಮಂಥ ಮುದುಕ್ರನ್ನ ಹತ್ತಿಸ್ಕೊಳ್ಳದೆ ಓಡಿಸ್ದೆ."

ಪ್ರತಿ ಸಲ ಗ್ರಮಿಟ್ ಮೆಟ್ಟಿಲಿನ ಬಳಿ ತಮ್ಮ ಫೋಟೋಗಳ ಕಟ್ಟನ್ನು ಹಿಡಿದು ನಿಂತಿರುತ್ತಿದ್ದರು. ಪ್ರತಿ ಸಲ ಎಲ್ಲ ತುಂಡೂ ಅವರ ಫೋಟೋದಲ್ಲಿ ಇದ್ದಂತೆಯೇ ಇರುತ್ತಿತ್ತು. ಅದರಿಂದ ನನಗೆ ಅವರ ಮೇಲೆ ಇನ್ನೂ ಸಿಟ್ಟು ಬಂತು. ತಪ್ಪು ಮಾಡಿದವನ ತಪ್ಪು ಸಿಗದಿದ್ದರೆ ಬರುವಷ್ಟು ಸಿಟ್ಟು ಸಿಕ್ಕಿದರೆ ಬರುವುದಿಲ್ಲ. ಭಾನುವಾರ ಚಾಪೆಲ್ಲಿನಲ್ಲಿ 'ನಮ್ಮ ತಪ್ಪುಗಳನ್ನು ಕ್ಷಮಿಸು' ಎಂದು ಎಲ್ಲರೊಡನೆ ಹೇಳುವಾಗ, ನಾನು ಮನಸ್ಸಿನಲ್ಲಿ ಗ್ರಮಿಟ್ಟರ ತಪ್ಪುಗಳನ್ನು ಎಣಿಸುತ್ತಿದ್ದೆ. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಶ್ರೀಮತಿ ಸಟ್ಕ್ಲಿಫ್ ಬರಲು ಮೂರು ದಿನ ಉಳಿದಿತ್ತು. ಬುಧವಾರ ಮಧ್ಯಾಹ್ನ ಡೆನಿಸ್ ಮೇಲಿನ ಕೋಣೆಯಲ್ಲಿ ಕುಳಿತು ಸ್ಯಾಂಡ್‌ವಿಚ್ ತಿನ್ನುತ್ತಿದ್ದಳು. ಅವಳ ಬೆನ್ನಿಗೆ ಗೇಟಿನ ಚಕ್ರವಿತ್ತು. ಲಿವರುಗಳ ಸಾಲಿನ ಕೊನೆಯಲ್ಲಿ ನಿಂತಿರುವ, ಹಡಗಿನ ಚಕ್ರದಂತಹ, ದಪ್ಪ ಕಾಲಿನ ಮೇಲೆ ಕೂರಿಸಿದ, ಎದೆಯೆತ್ತರದ ಕಬ್ಬಿಣದ ಚಕ್ರ. ಅದನ್ನು ತಿರುಗಿಸಿದರೆ ನೆಲದ ಕೆಳಗಿನ ಹಲ್ಲುಗಳು ತಿರುಗಿ, ರಸ್ತೆಗೆ ಅಡ್ಡವಾಗಿ ಗೇಟುಗಳು ಬರುತ್ತಿದ್ದವು.

"ವಿಲ್ಫ್," ಎಂದಳು ಬಾಯಿ ತುಂಬಿಕೊಂಡೇ, "ಈ ಬೋಲ್ಟು ಯಾಕೆ?"

"ಯಾವ ಬೋಲ್ಟು?"

"ಚಕ್ರದ ಕಾಲಿಗೆ ಒಂದು ಬೋಲ್ಟು ಹಾಕಿದೀರಲ್ಲ, ಆಚೆಯಿಂದ ಈಚೆಗೆ. ಎಲ್ಲಾ ಹಳೇದು, ಇದೊಂದು ಮಾತ್ರ ಹೊಸದು."

ಉತ್ತರ ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಐದು ವಾರವೂ ನನ್ನ ಕಣ್ಣ ಮುಂದೆಯೇ ಇತ್ತು.

ಆ ಬೋಲ್ಟನ್ನು ಹಾಕಿದವನು ನಾನೇ. ಮಾರ್ಚಿನಲ್ಲಿ, ಏವಿಸಳನ್ನು ಮಣ್ಣು ಮಾಡಿದ ಮೂರನೆಯ ವಾರ, ಕ್ಯಾಬಿನ್ ನೋಡಲು ಬಂದಿದ್ದ ಯಾರೋ ಒಬ್ಬಾತ ಆ ಚಕ್ರವನ್ನು ಹಿಡಿದು, ಕಪ್ತಾನನಂತೆ ಕೂಗುತ್ತ, ಜಗ್ಗಿ ಜಗ್ಗಿ ತಿರುಗಿಸಿದ. ಮೂವತ್ತು ವರ್ಷ ಅವಳು ಹಿಡಿದ ಚಕ್ರ. ನಾನು ಮರುದಿನವೇ ಡ್ರಿಲ್ ತಂದು, ಕಾಲಿಗೆ ತೂತು ಕೊರೆದು, ಬೋಲ್ಟು ಹಾಕಿ, ಇನ್ನು ಯಾರ ಕೈಯಲ್ಲೂ ಅಲುಗದಂತೆ ಬಿಗಿದೆ. ಸಮಿತಿಗೆ ಜನರ ಬೆರಳು ಸಿಕ್ಕಿಕೊಳ್ಳದಿರಲೆಂದು ಹಾಕಿದೆ ಎಂದು ಹೇಳಿದೆ. ನನ್ನ ಎಚ್ಚರಿಕೆಯನ್ನು ಗ್ರಮಿಟ್ ಮೆಚ್ಚಿ ಸಭೆಯ ನಡಾವಳಿಯಲ್ಲಿ ಬರೆಸಿದರು. ಡೆನಿಸ್ ಆ ಮಂಗಳವಾರ ಬಂದಿರಲಿಲ್ಲ.

ಚಕ್ರ ಪೂರ್ತಿ ತಿರುಗಿ ನಿಂತರೆ ಮಾತ್ರ ಅದರ ಕೆಳಗಿನ ಹಲ್ಲಿನಲ್ಲಿ ಒಂದು ಕಚ್ಚು ಎದುರಾಗುತ್ತದೆ. ಆ ಕಚ್ಚಿಗೆ ಒಂದನೆಯ ಲಿವರಿನ ನಾಲಿಗೆ ಇಳಿಯುತ್ತದೆ. ಗೇಟು ರಸ್ತೆಗೆ ಅಡ್ಡ ಬಂದಿಲ್ಲವಾದರೆ ರೈಲಿಗೆ ದಾರಿಯಿಲ್ಲ. ಇದು ಯಾವ ಹೊಸ ಫಿಟ್ಟರಿಗೂ ಮೊದಲ ವಾರದಲ್ಲೇ ಗೊತ್ತಾಗುವ ಸಂಗತಿ. ಲಿವರ್ ಬಾರದಿದ್ದರೆ ಕೆಳಗೆ ಇಳಿಯುವ ಮೊದಲು ಮೇಲಿನ ಕೋಣೆಯಲ್ಲಿ ಈ ತುದಿಯಿಂದ ಆ ತುದಿಗೆ ನಡೆದು ಪ್ರತಿಯೊಂದನ್ನೂ ಕೈಯಿಂದ ಮುಟ್ಟಿ ನೋಡಬೇಕೆಂದು ನಾನೇ ಎಷ್ಟೋ ಮಂದಿಗೆ ಕಲಿಸಿದ್ದೇನೆ. ಕಲಿಸಿದ ನಾನು ಮುಟ್ಟಿ ನೋಡಲಿಲ್ಲ. ಗೇಟುಗಳು ಇಲ್ಲವೆಂದ ಮೇಲೆ ಚಕ್ರ ನನ್ನ ಲೆಕ್ಕದಲ್ಲಿ ಯಂತ್ರವಾಗಿ ಉಳಿದಿರಲಿಲ್ಲ. ಅದು ಏವಿಸಳದಾಗಿತ್ತು.

ಕ್ಯಾಬಿನ್ ಐದು ವಾರವೂ ಸರಿಯಾಗಿಯೇ ಇತ್ತು. ಅದು ತನ್ನ ಕೆಲಸವನ್ನೇ ಮಾಡುತ್ತಿತ್ತು.

ಅಷ್ಟರಲ್ಲಿ ಗ್ರಮಿಟ್ ಮೆಟ್ಟಿಲು ಹತ್ತಿ ಬಂದರು. ಡೆನಿಸ್ ಅವರಿಗೆ ಬೋಲ್ಟು ತೋರಿಸಿದಳು. ಅವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು, ಒಂದನೆಯ ಲಿವರ್ ನೋಡಿದರು, ಮತ್ತೆ ನನ್ನನ್ನು ನೋಡಿದರು. ಮೇಷ್ಟ್ರಿಗೆ ಅರ್ಥವಾಯಿತು. ಈಗ ಬಾಯಿಗೆ ಬಂದಂತೆ ಅಂದುಬಿಡುತ್ತಾರೆ ಎಂದು ನಾನು ಕಾದೆ. ಅನ್ನುವ ಹಕ್ಕು ಅವರಿಗಿತ್ತು.

"ಇದು ಇರಲಿ ಬಿಡಿ," ಎಂದರು.

"ಏನು ಇರಲಿ?"

"ಬೋಲ್ಟು. ನೀವು ಯಾಕೆ ಹಾಕಿದ್ರಿ ಅಂತ ನನಗೆ ಆವತ್ತೇ ಗೊತ್ತಿತ್ತು. ಅದರಿಂದ ಲಿವರ್ ನಿಲ್ಲುತ್ತೆ ಅಂತ ಮಾತ್ರ ಗೊತ್ತಿರ್ಲಿಲ್ಲ. ಶನಿವಾರ ಆಕೆ ಬಂದಾಗ, ಜೋಡಿಸೋವಾಗ ನಾನು ತಪ್ಪು ಮಾಡಿದೆ, ಅದಕ್ಕೇ ಕೆಲಸ ಮಾಡ್ತಾ ಇಲ್ಲ ಅಂತ ಹೇಳ್ತೀನಿ. ಹೆಂಗೂ ಊರೆಲ್ಲ ನೀವು ಅದನ್ನೇ ಹೇಳ್ಕೊಂಡು ಬಂದಿದೀರಿ."

"ಆಮೇಲೆ ಲಿವರ್ ಕತ್ತರಿಸ್ತೀರಾ?"

"ಎಂಟು ಉಳಿಯುತ್ತೆ. ಚಕ್ರಾನೂ ಇರುತ್ತೆ, ಹಿಂಗೇ. ಯಾರೂ ಮುಟ್ಟಲ್ಲ."

ಇದಕ್ಕಿಂತ ಅವರು ನನಗೆ ನಾಲ್ಕು ಬೈದಿದ್ದರೆ ಸುಖವಾಗಿರುತ್ತಿತ್ತು. ಐದು ವಾರ ನಾನು ಹಳಿದ ಮನುಷ್ಯ ನನ್ನ ಪರವಾಗಿ ಸುಳ್ಳು ಹೇಳಲು ನಿಂತಿದ್ದ, ಅದೂ ಕೈಯಲ್ಲಿ ಆ ಹಾಳು ಫೋಟೋ ಕಟ್ಟು ಹಿಡಿದುಕೊಂಡು. ನನಗೆ ಮೈಯೆಲ್ಲ ಉರಿಯಿತು.

"ನಿಮಗೇನು ತಲೆ ಕೆಟ್ಟಿದೆಯೇನ್ರೀ?" ಎಂದೆ. "ಒಂದು ತಪ್ಪೂ ಇಲ್ಲದೆ ನೂರಾ ಹನ್ನೆರಡು ತುಂಡು ಜೋಡಿಸಿ, ತಪ್ಪು ಮಾಡಿದೆ ಅಂತ ಹೇಳ್ತಾರಂತೆ! ನಾಚಿಕೆ ಆಗ್ಬೇಕು."

"ಅಂದ್ರೆ ಜೋಡಿಸಿದ್ದು ಸರಿಯಾಗಿದೆ ಅಂತ ಒಪ್ಪಿದ ಹಾಗೆ ಆಯ್ತು?"

"ಹೊಗಳಿಸ್ಕೊಳ್ಳೋಕೆ ಇದು ಹೊತ್ತಲ್ಲ. ಡೆನಿಸ್, ಸ್ಪ್ಯಾನರ್ ಕೊಡು."

ಬೋಲ್ಟು ಬರಲಿಲ್ಲ. ನಾನು ಬಿಗಿದ ಬೋಲ್ಟು ಬರುವುದಿಲ್ಲ. ಅದು ನನ್ನ ಕೆಲಸದ ಬಗ್ಗೆ ನಲವತ್ತು ವರ್ಷ ನನಗಿದ್ದ ಹೆಮ್ಮೆ. ಬುಧವಾರ ಸಂಜೆಯವರೆಗೆ ಒದ್ದಾಡಿದೆವು. ಗುರುವಾರ ಡೆನಿಸ್ ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ಅದರ ಮೇಲೆ ನಿಂತಳು; ಸ್ಪ್ಯಾನರ್ ಮುರಿಯಿತು.

"ಇದೇನ್ರೀ, ಯೇಸುಸ್ವಾಮಿ ಸಮಾಧಿ ಕಲ್ಲಿಗೂ ಇಷ್ಟು ಬಿಗಿ ಇರ್ಲಿಲ್ವಲ್ಲ," ಎಂದಳು. ಅವಳನ್ನು ಗದರಿಸಿದೆ. ಗದರಿಸುವಾಗ, ದೇವರು ಕ್ಷಮಿಸಲಿ, ನನಗೆ ನಗು ಬಂತು. ಫೆಬ್ರವರಿಯ ಮೇಲೆ ಅದೇ ಮೊದಲು.

ಶುಕ್ರವಾರ ಗ್ರಮಿಟ್ ಮನೆಯಿಂದ ಗರಗಸ ತಂದರು. ಕಬ್ಬಿಣ ಕೊಯ್ಯುವ ಗರಗಸವನ್ನು ಅವರು ಹಿಡಿದ ರೀತಿ ನೋಡಿದರೆ ಬ್ರೆಡ್ ಕೊಯ್ಯಲು ಹೊರಟಂತಿತ್ತು. ಮೂವರೂ ಸರದಿಯಲ್ಲಿ ಕೊಯ್ದೆವು. ಮಧ್ಯಾಹ್ನ ಮೂರಕ್ಕೆ ಬೋಲ್ಟು ಎರಡು ತುಂಡಾಗಿ ನೆಲಕ್ಕೆ ಬಿತ್ತು. ಚಕ್ರದ ಕಾಲಿನಲ್ಲಿ ನಾನು ಕೊರೆದ ತೂತು ಉಳಿಯಿತು. ನೂರನಲವತ್ತೆರಡು ವರ್ಷದ ಕಬ್ಬಿಣಕ್ಕೆ ಯುದ್ಧದಲ್ಲೂ ಆಗದ ಗಾಯ.

ಶನಿವಾರ ಹತ್ತು ಗಂಟೆಗೆ ಶ್ರೀಮತಿ ಸಟ್ಕ್ಲಿಫ್ ಬಂದರು. ಐವತ್ತರ ಹತ್ತಿರದ ಹೆಂಗಸು, ಕೈಯಲ್ಲಿ ಒಂದು ಫೈಲು. ಸಮಿತಿಯ ಉಳಿದ ಹತ್ತು ಮಂದಿಯೂ ಮೇಲಿನ ಕೋಣೆಗೆ ನುಗ್ಗಿದ್ದರು, ಎಲ್ಲರೂ ಬೂಟು ಹಾಕಿಕೊಂಡು. ಬೂಟು ಬಿಚ್ಚಿ ಎನ್ನದಿರಲು ಎಷ್ಟು ಕಷ್ಟವಾಯಿತೆಂದು ನನಗೆ ಮಾತ್ರ ಗೊತ್ತು.

ಗ್ರಮಿಟ್ ಒಂಬತ್ತು ಪದರ ಬಣ್ಣದ ಕಥೆಯನ್ನು ಮೊದಲಿನಿಂದ ಹೇಳತೊಡಗಿದರು. ಆಕೆ ಐದನೆಯ ಪದರದವರೆಗೆ ಸಹಿಸಿಕೊಂಡು, "ಇದು ಕೆಲಸ ಮಾಡುತ್ತಾ?" ಎಂದು ಕೇಳಿದರು.

ನನ್ನ ಭುಜ ಈಗ ಚಕ್ರಕ್ಕೆ ಸಾಲುವುದಿಲ್ಲ. ಡೆನಿಸ್ ತಿರುಗಿಸಿದಳು. ಬಸ್ಸಿನ ಸ್ಟಿಯರಿಂಗ್ ಹಿಡಿದು ರೂಢಿಯಾದ ಕೈ. ಗೇಟುಗಳಿಲ್ಲದಿದ್ದರೂ ನೆಲದ ಕೆಳಗಿನ ಹಲ್ಲುಗಳದೇ ಭಾರ. ತಿರುಗಿತು, ಆದರೆ ಅರ್ಧಕ್ಕೇ ಅವಳ ಮುಖ ಕೆಂಪೇರಿತು. ಕೊನೆಗೆ ಕೆಳಗೆ ಎಲ್ಲೋ ಕಬ್ಬಿಣ ತನ್ನ ಜಾಗಕ್ಕೆ ಕುಳಿತ ಸದ್ದಾಯಿತು. ನಾನು ಒಂದನೆಯ ಲಿವರ್ ಹಿಡಿದೆ. ಅದು ಬಂತು. ಅಷ್ಟು ಹಗುರವಾಗಿ ಬಂತು, ನಾನು ಹಿಂದಕ್ಕೆ ಗ್ರಮಿಟ್ಟರ ಕಾಲಿನ ಮೇಲೆ ಬಿದ್ದೆ. ಆಮೇಲೆ ನಾಲ್ಕು, ಆಮೇಲೆ ಮೂರು, ಎರಡು. ಅಂಗಳದ ಕಂಬದಲ್ಲಿ ಕೆಂಪು ಪಟ್ಟಿ, ರೈಲಿಗೆ ದಾರಿ ಬಿಟ್ಟಂತೆ, ಇಳಿಯಿತು. ಎಲ್ಲರೂ ರೈಲೇ ಬಂದಂತೆ ಚಪ್ಪಾಳೆ ತಟ್ಟಿದರು. ಬರಲು ಅಲ್ಲಿ ಹಳಿ ಇರುವುದು ನಲವತ್ತು ಗಜ.

ಶ್ರೀಮತಿ ಸಟ್ಕ್ಲಿಫ್ ಚಕ್ರದ ಕಾಲಿನ ತೂತನ್ನು ನೋಡಿಬಿಟ್ಟರು. "ಇದು ಹೊಸದು ಅಲ್ವಾ?" ಎಂದರು.

ಗ್ರಮಿಟ್ ಬಾಯಿ ತೆರೆದರು. ಅವರಿಗಿಂತ ಮೊದಲು ನಾನು ಹೇಳಿದೆ: "ನಾನು ಕೊರೆದದ್ದು. ಯಾರೂ ತಿರುಗಿಸಬಾರದು ಅಂತ ಬೋಲ್ಟು ಹಾಕಿದ್ದೆ. ಇದನ್ನ ತಿರುಗಿಸ್ತಾ ಇದ್ದವಳು ನನ್ನ ಹೆಂಡತಿ. ನಿನ್ನೆ ತೆಗೆದ್ವಿ."

ಆಕೆ ಫೈಲಿನಲ್ಲಿ ಏನೋ ಬರೆದರು. ಬರೆದು ಮುಗಿಸಿ, "ಇಪ್ಪತ್ತನಾಲ್ಕೂ ಇರಬೇಕು. ಯಾವುದನ್ನೂ ತೆಗೆಯೋ ಹಾಗಿಲ್ಲ," ಎಂದರು. ಹಿಂದಿನಿಂದ ಯಾರೋ, "ಹಂಗಾದ್ರೆ ಚಹಾ ಎಲ್ಲಿ ಕೊಡೋದು?" ಎಂದು ಗೊಣಗಿದರು. ಆಕೆ ಫೈಲನ್ನು ಗ್ರಮಿಟ್ಟರ ಕೈಗೆ ಕೊಟ್ಟು, ಉಂಗುರಗಳನ್ನು ಕಳಚಿ ಜೇಬಿಗೆ ಹಾಕಿಕೊಂಡು, "ನಾನು ಒಂದು ಸಲ ತಿರುಗಿಸಬಹುದಾ?" ಎಂದರು.

ಚಕ್ರ ಹಿಂದಕ್ಕೆ ಹೋಗಬೇಕಾದರೆ ಲಿವರುಗಳು ಮೊದಲು ಹೋಗಬೇಕು. ಡೆನಿಸ್ ಎರಡು, ಮೂರು, ನಾಲ್ಕು ಎಂದು ಎಣಿಸಿ ಹಿಂದಕ್ಕೆ ಹಾಕಿ, ಕೊನೆಗೆ ಒಂದನೆಯದನ್ನು ಹಾಕಿದಳು. ನನ್ನ ಬಾಯಿಗೆ ಬಂದ ಮಾತು 'ಬೇಡ' ಎಂಬುದು. ಅದನ್ನು ನುಂಗಿ, "ತಿರುಗಿಸಿ," ಎಂದೆ.

ಆಕೆ ಎರಡು ಕೈಯಿಂದ ಹಿಡಿದು ಎಳೆದರು. ಅಲುಗಲಿಲ್ಲ. ಎಲ್ಲರಂತೆ ತೋಳಿನಿಂದ ಎಳೆಯುತ್ತಿದ್ದರು.

"ತೋಳಿನಿಂದ ಅಲ್ಲಮ್ಮ," ಎಂದೆ. "ಎಡಗಾಲು ಮುಂದೆ ಇಡಿ. ಇನ್ನೂ ಮುಂದೆ. ಬೆನ್ನು ನೆಟ್ಟಗೆ. ಈಗ ಚಕ್ರವನ್ನ ಎಳೀಬೇಡಿ, ಅದರ ಮೇಲೆ ನಿಮ್ಮ ಮೈ ಭಾರ ಬಿಡಿ. ಅದೇ ಇಳಿಯುತ್ತೆ. ಏವಿಸ್ ಬರೀ ನೂರಾ ಹತ್ತು ಪೌಂಡು ತೂಕ ಇದ್ದಳು, ಒಂದು ಪಾಳಿಗೆ ನಲವತ್ತು ಸಲ ತಿರುಗಿಸ್ತಾ ಇದ್ದಳು, ಉಸಿರು ಏರ್ತಾ ಇರ್ಲಿಲ್ಲ."

ಆಕೆ ಎಡಗಾಲು ಇಟ್ಟರು. ಮೈ ಭಾರ ಬಿಟ್ಟರು. ಚಕ್ರ ಒಂದು ಸದ್ದೂ ಇಲ್ಲದೆ ಇಳಿಯಿತು.

"ಅಯ್ಯೋ, ಇದನ್ನ ನನಗೆ ಯಾಕ್ರೀ ಮೊದಲೇ ಹೇಳ್ಲಿಲ್ಲ?" ಎಂದಳು ಡೆನಿಸ್, ಇನ್ನೂ ಭುಜ ತಿಕ್ಕಿಕೊಳ್ಳುತ್ತ.

"ನೀನು ಕೇಳಿದ್ಯಾ?"

ಆಮೇಲೆ ಗ್ರಮಿಟ್ ತಾವೂ ಒಂದು ಕೈ ನೋಡುತ್ತೇನೆಂದರು. ಅವರ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ನೋಡುವಷ್ಟರಲ್ಲಿ ಸಮಿತಿಗೆ ಸಮಿತಿಯೇ ಲಿವರುಗಳ ಉದ್ದಕ್ಕೂ ಸರದಿ ನಿಂತುಬಿಟ್ಟಿತು. ನಾನು ಸ್ಟೂಲು ಎಳೆದುಕೊಂಡು ಚಕ್ರದ ಪಕ್ಕದಲ್ಲಿ ಕುಳಿತೆ. ಮಧ್ಯಾಹ್ನದ ಊಟದ ಹೊತ್ತು ಮೀರಿತು. ಓದು ಬರಹ ಬಲ್ಲ, ಹದಿನಾಲ್ಕು ತಿಂಗಳು ಬಣ್ಣ ಚರ್ಚಿಸಿದ ಆ ಜನಕ್ಕೆ, ಒಬ್ಬೊಬ್ಬರಿಗೂ, ಎಡಗಾಲು ಯಾವುದೆಂದು ನಾನು ತೋರಿಸಿಕೊಡಬೇಕಾಯಿತು.